ಲೋಹದ ಮೇಲೆ ಬೆಳಕಿನ ಬರೆಹ

ನಮ್ಮ ಪ್ರತಿಯೊಂದು ಅಡುಗೆಮನೆಯಲ್ಲಿಯೂ ಒಂದು ಸಣ್ಣ ಶಾಸನಸಂಗ್ರಹವಿದೆ ಎಂದರೆ ನೀವು ನಗಬಹುದು. ಆದರೆ ಅಟ್ಟದ ಮೇಲಿನ ಹಿತ್ತಾಳೆಯ ಕೊಳಗವನ್ನೋ, ನಿತ್ಯ ಬಳಸುವ ಸ್ಟೀಲಿನ ತಪ್ಪಲೆಯನ್ನೋ ಒಮ್ಮೆ ಬೆಳಕಿಗೆ ಹಿಡಿದು ಅದರ ಅಂಚನ್ನು ನೋಡಿ. ಯಾರ ಮದುವೆಗೆ ಯಾರು ಕೊಟ್ಟದ್ದು, ಯಾವ ಊರಿನವರು, ಯಾವ ಇಸವಿ ಎಂಬಿಷ್ಟೂ ಅಲ್ಲಿ ಚುಕ್ಕಿ ಚುಕ್ಕಿಯಾಗಿ ನಮೂದಾಗಿರುತ್ತದೆ. ದಾನಿಯ ಹೆಸರು, ದಾನ ಪಡೆದವರ ಹೆಸರು, ಕಾಲ, ಸಂದರ್ಭ: ರಾಜರ ತಾಮ್ರಶಾಸನದಲ್ಲಿ ಇರುವುದೂ ಮುಖ್ಯವಾಗಿ ಇವೇ ಅಲ್ಲವೇ? ಲೋಹದ ಮೇಲೆ ಬರೆದು ಉಳಿಸಬೇಕೆಂಬ ಆಸೆ ಅರಮನೆಯಿಂದ ಅಡುಗೆಮನೆಯವರೆಗೆ ಒಂದೇ.

ಈ ಆಸೆಗೆ ಈಗ ಒಂದು ಹೊಸ ಲೇಖನಿ ದೊರೆತಿದೆ. ಅದು ಉಳಿಯಲ್ಲ, ಸೂಜಿಯಲ್ಲ, ಆಮ್ಲವಲ್ಲ, ಬೆಳಕು. ಲೇಸರ್ ಎಂಬ ಬೆಳಕಿನ ಕಿರಣದಿಂದ ಲೋಹದ ಮೇಲೆ ಅಕ್ಷರ ಮೂಡಿಸುವ ಯಂತ್ರಗಳು ಹಿಂದೆ ದೊಡ್ಡ ಕಾರ್ಖಾನೆಗಳ ಸೊತ್ತಾಗಿದ್ದುವು. ಈಗ ಮೇಜಿನ ಮೇಲೆ ಕೂರುವಷ್ಟು ಚಿಕ್ಕವಾಗಿ, ಹವ್ಯಾಸಿಗಳ ಮನೆಗಳಿಗೂ ಬಂದಿವೆ. ನನ್ನ ತಮ್ಮ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ತನ್ನ ಸ್ಪ್ಯಾನರುಗಳ ಮೇಲೆ ಅಳತೆ, ತಾನೇ ಮಾಡಿದ ಬಿಡಿಭಾಗಗಳ ಮೇಲೆ ಅಂಕಿ, ಸವೆದುಹೋದ ಹಳೆಯ ಅಳತೆಪಟ್ಟಿಗಳ ಮೇಲೆ ಹೊಸ ಗೆರೆ ಹಾಕಲೆಂದು ಅವನು ಇಂಥದೊಂದನ್ನು ತರಿಸಿ ಇಟ್ಟುಕೊಂಡಿದ್ದಾನೆ. ಕನ್ನಡ ಎಂ.ಎ. ಓದಿ ಬಾಳೆಲ್ಲ ಹಳಗನ್ನಡ ಪಾಠ ಹೇಳಿದ ನನಗೆ ಯಂತ್ರಗಳ ಗೊಡವೆ ಅಷ್ಟಾಗಿ ಇಲ್ಲ. ಆದರೆ ಇದು ಅಕ್ಷರದ ವಿಷಯ. ಆದ್ದರಿಂದ ಅವನ ಬಳಿ ಕುಳಿತು ಕಲಿತೆ. ಕಲಿತದ್ದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ನಮ್ಮ ಭಾಷೆಯ ಒಂದು ಮಾತು. ಹಳಗನ್ನಡದಲ್ಲಿ ಕಲ್ಲು ಲೋಹಗಳ ಮೇಲೆ ಕೆತ್ತುವುದಕ್ಕೆ ‘ಕಂಡರಿಸು’ ಎಂದು ಹೆಸರು; ಶಾಸನಗಳ ಕೊನೆಯಲ್ಲಿ ಈ ಮಾತು ಬರುವುದುಂಟು. ಕೊರೆ, ಕೆತ್ತು, ಕಡೆ, ಗೀರು, ಗೀಚು ಎಂಬ ಮಾತುಗಳೂ ಇವೆ. ಇವೆಲ್ಲಕ್ಕೂ ಒಂದು ಹರಿತವಾದ ಮೊನೆ ಬೇಕು. ವಸ್ತುವಿನ ಒಂದಂಶ ಕಿತ್ತುಹೋಗಬೇಕು. ‘ಬರೆ’ ಎಂಬ ಮಾತು ಮಾತ್ರ ಎರಡು ದಾರಿಗಳಲ್ಲಿ ನಡೆಯುತ್ತದೆ. ಬರೆ ಎಂದರೆ ಲಿಖಿಸು. ಬರೆ ಎಂದರೆ ಕಾಯಿಸಿದ ಕಬ್ಬಿಣದಿಂದ ಸುಟ್ಟ ಗುರುತು ಕೂಡ. ಹುಲಿಯನ್ನು ನೋಡಿ ನರಿ ಹಾಕಿಕೊಂಡದ್ದು ಈ ಎರಡನೆಯ ಬರೆ. ಲೇಸರ್ ಯಂತ್ರ ಮಾಡುವ ಕೆಲಸದಲ್ಲಿ ಈ ಎರಡು ಅರ್ಥಗಳೂ ಕೂಡುತ್ತವೆ: ಅದು ಬರೆ ಹಾಕುತ್ತ ಬರೆಯುತ್ತದೆ.

ಇನ್ನು ಬೆಳಕಿನ ವಿಚಾರ. ಪ್ರಚೋದನೆಯಿಂದ ಬೆಳಕು ಹೊಮ್ಮಿಸಬಹುದೆಂಬ ತತ್ತ್ವವನ್ನು ಐನ್‌ಸ್ಟೈನ್ 1917ರಲ್ಲಿಯೇ ಮಂಡಿಸಿದ್ದರು. ಅದು ಕೈಗೂಡಿದ್ದು 1960ರ ಮೇ ತಿಂಗಳಿನಲ್ಲಿ, ಅಮೆರಿಕದ ಥಿಯೊಡೋರ್ ಮೇಮನ್ ಅವರು ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಕಿರಣವನ್ನು ಹೊರಡಿಸಿದಾಗ. 1964ರಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲದ ಲೇಸರನ್ನು ರೂಪಿಸಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್. ಮರ, ಚರ್ಮ, ಕಾಗದಗಳನ್ನು ಕತ್ತರಿಸುವ ಎಷ್ಟೋ ಯಂತ್ರಗಳಲ್ಲಿ ಇಂದಿಗೂ ಇರುವುದು ಅದೇ ಬಗೆ. ಆದರೆ ಮನೆಯ ಮೇಜಿಗೆ ಬಂದದ್ದು ಬೇರೊಂದು ಶಾಖೆ. 1990ರ ದಶಕದಲ್ಲಿ ಜಪಾನಿನಲ್ಲಿ ನೀಲಿ ಬೆಳಕು ಕೊಡುವ ಅರೆವಾಹಕ ದೀಪಗಳು ಸಿದ್ಧವಾದುವು. ಅದಕ್ಕಾಗಿ ಅಕಾಸಾಕಿ, ಅಮಾನೊ, ನಕಾಮುರ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಬಹುಮಾನ ಸಂದಿತು. ಆ ವಂಶದ ಕುಡಿಯೇ ನೀಲಿ ಲೇಸರ್ ಡಯೋಡ್. ಕಡಲೆಕಾಳಿನಷ್ಟು ಗಾತ್ರದ ಈ ವಸ್ತುವೇ ಇಂದಿನ ಹವ್ಯಾಸಿ ಯಂತ್ರಗಳ ಜೀವ.

ಯಂತ್ರದ ರಚನೆ ಸರಳ. ಅಲ್ಯೂಮಿನಿಯಂ ಕಂಬಿಗಳ ಒಂದು ಚೌಕಟ್ಟು. ಅದರ ಮೇಲೆ ಎಡಬಲಕ್ಕೂ ಹಿಂದುಮುಂದಕ್ಕೂ ಸರಿಯುವ ಒಂದು ಗಾಡಿ. ಗಾಡಿಯಲ್ಲಿ ಕೆಳಮುಖವಾಗಿ ಕೂತ ಲೇಸರ್. ಎರಡು ಮೋಟಾರುಗಳು ಪಟ್ಟಿಯ ಮೂಲಕ ಗಾಡಿಯನ್ನು ಎಳೆಯುತ್ತವೆ. ಕಂಪ್ಯೂಟರು ‘ಇಲ್ಲಿಗೆ ಹೋಗು, ಇಷ್ಟು ವೇಗದಲ್ಲಿ ಹೋಗು, ಇಷ್ಟು ಉರಿ’ ಎಂದು ಸಾಲು ಸಾಲಾಗಿ ಆಜ್ಞೆ ಕೊಡುತ್ತದೆ. ಕಿರಣದ ಶಕ್ತಿ 5, 10, 20 ವ್ಯಾಟ್ ಎಂದು ಹೇಳುತ್ತಾರೆ. ಇಲ್ಲೊಂದು ಎಚ್ಚರ ಬೇಕು. ಕೆಲವು ಜಾಹೀರಾತುಗಳು ಯಂತ್ರ ಸೇದುವ ವಿದ್ಯುತ್ತಿನ ಲೆಕ್ಕವನ್ನು ದೊಡ್ಡ ಅಕ್ಷರದಲ್ಲಿ ಹಾಕಿ, ಹೊರಬರುವ ಬೆಳಕಿನ ಲೆಕ್ಕವನ್ನು ಮೂಲೆಗೆ ತಳ್ಳುತ್ತವೆ. ಕೊಳ್ಳುವವರು ಕೇಳಬೇಕಾದದ್ದು ಈ ಎರಡನೆಯದನ್ನು.

ಹತ್ತು ವ್ಯಾಟ್ ಎಂದರೆ ಏನು ಮಹಾ, ನಮ್ಮ ಕೋಣೆಯ ಬಲ್ಬೂ ಸುಮಾರು ಅಷ್ಟನ್ನೇ ಸೇದುತ್ತದಲ್ಲ ಎನ್ನಿಸಬಹುದು. ವ್ಯತ್ಯಾಸವಿರುವುದು ಮೊತ್ತದಲ್ಲಲ್ಲ, ಸಾಂದ್ರತೆಯಲ್ಲಿ. ಬಲ್ಬಿನ ಬೆಳಕು ಕೋಣೆಯ ತುಂಬ ಹಂಚಿಹೋಗುತ್ತದೆ. ಇಲ್ಲಿ ಮಸೂರವು ಇಡೀ ಹತ್ತು ವ್ಯಾಟನ್ನು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಅಗಲದ ಬಿಂದುವಿಗೆ ಒಟ್ಟುಗೂಡಿಸುತ್ತದೆ. ಲೆಕ್ಕ ಹಾಕಿದರೆ, ಆ ಬಿಂದುವಿನ ಮೇಲೆ ಬೀಳುವ ಬೆಳಕು ನೆತ್ತಿಯ ಮೇಲಿನ ಸುಡುಬಿಸಿಲಿಗಿಂತ ಸುಮಾರು ಹತ್ತು ಲಕ್ಷ ಪಟ್ಟು ತೀವ್ರ. ಬಾಲ್ಯದಲ್ಲಿ ಭೂತಗನ್ನಡಿಯಿಂದ ಒಣಗಿದ ಎಲೆಯನ್ನು ಸುಟ್ಟವರಿಗೆ ಇದರ ತತ್ತ್ವವನ್ನು ಬೇರೆ ವಿವರಿಸಬೇಕಿಲ್ಲ.

ಇಷ್ಟು ತೀವ್ರವಾದ ಬೆಳಕೂ ಲೋಹದ ಮುಂದೆ ತಡವರಿಸುತ್ತದೆ. ಕಾರಣಗಳು ಎರಡು. ಒಂದು, ಲೋಹ ಕನ್ನಡಿಯ ಜಾತಿಗೆ ಸೇರಿದ್ದು. ಬಂದ ಬೆಳಕನ್ನು ಹಿಂದಕ್ಕೆಸೆಯುತ್ತದೆ. ನಯಗೊಳಿಸಿದ ಅಲ್ಯೂಮಿನಿಯಂ ನೂರರಲ್ಲಿ ತೊಂಬತ್ತು ಪಾಲನ್ನು ಹಿಂತಿರುಗಿಸಿಬಿಡುತ್ತದೆ. ಎರಡು, ಒಳಗೆ ಹೊಕ್ಕ ಶಾಖವನ್ನು ಲೋಹ ಒಂದೆಡೆ ನಿಲ್ಲಗೊಡದೆ ಸುತ್ತಲೂ ಹಂಚಿಬಿಡುತ್ತದೆ. ತಾಮ್ರದ ಸಂಗತಿಯಂತೂ ಸ್ವಾರಸ್ಯಕರ. ತಾಮ್ರ ಕೆಂಪಗೆ ಕಾಣುವುದಕ್ಕೆ ಕಾರಣ ಅದು ಕೆಂಪನ್ನು ಹಿಂದಕ್ಕೆ ಕೊಟ್ಟು ನೀಲಿಯನ್ನು ಅದಕ್ಕಿಂತ ಬಹಳ ಹೆಚ್ಚಾಗಿ ಹೀರಿಕೊಳ್ಳುವುದು. ಹಾಗಾದರೆ ನೀಲಿ ಲೇಸರಿಗೆ ತಾಮ್ರ ಸುಲಭವಾಗಿ ಒಲಿಯಬೇಕಷ್ಟೆ. ಒಲಿಯುವುದಿಲ್ಲ, ಹೀರಿದ ಶಾಖವನ್ನು ಅದು ಮರುಕ್ಷಣವೇ ದೂರ ಸಾಗಿಸಿಬಿಡುತ್ತದೆ. ಸ್ಟೇನ್‌ಲೆಸ್ ಸ್ಟೀಲಿಗಿಂತ ತಾಮ್ರ ಇಪ್ಪತ್ತು ಪಟ್ಟಿಗೂ ಹೆಚ್ಚು ಚುರುಕಾಗಿ ಶಾಖವನ್ನು ಒಯ್ಯುತ್ತದೆ. ಇದು ಗೃಹಿಣಿಯರಿಗೆ ತಿಳಿಯದ ವಿಷಯವಲ್ಲ. ಬರೀ ಸ್ಟೀಲಿನ ಪಾತ್ರೆಯಲ್ಲಿ ಹಾಲು ಕಾಯಿಸಿದರೆ ಉರಿ ತಾಗಿದ ಕಡೆ ತಳ ಹತ್ತುತ್ತದೆ. ಅದಕ್ಕೇ ತಾಮ್ರದ ತಳದ ಪಾತ್ರೆಗಳನ್ನು ಮಾಡಿದ್ದು. ಅಡುಗೆಯಲ್ಲಿ ಸ್ಟೀಲಿನ ದೋಷವಾದದ್ದು ಬರೆಹದಲ್ಲಿ ಅದರ ಗುಣ. ಶಾಖ ಅಲ್ಲಿಯೇ ನಿಲ್ಲುವುದರಿಂದ ಅಕ್ಷರವೂ ಅಲ್ಲಿಯೇ ಮೂಡುತ್ತದೆ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಮನೆಯ ನೀಲಿ ಲೇಸರ್ ಲೋಹವನ್ನು ಆಳವಾಗಿ ಕೊರೆಯಲಾರದು. ಅದರಿಂದ ಗುರುತು ಮಾಡಿಸಬಹುದು. ಕೊರೆಯುವುದು ಬೇರೆ, ಗುರುತು ಕಾಣಿಸುವುದು ಬೇರೆ. ನಮ್ಮ ಹಿರಿಯರಿಗೆ ಈ ಭೇದ ಚೆನ್ನಾಗಿ ಗೊತ್ತಿತ್ತು. ತಾಳೆಗರಿಯ ಮೇಲೆ ಕಂಟದಿಂದ ಗೀರಿದ ಅಕ್ಷರ ಒಡನೆ ಸರಿಯಾಗಿ ಕಾಣುವುದಿಲ್ಲ. ಅದರ ಮೇಲೆ ಮಸಿ ಬಳಿದು ಒರೆಸಿದಾಗ ಗೀರಿನೊಳಗೆ ಕಪ್ಪು ಕೂತು ಓದಲು ಬರುತ್ತದೆ. ಬೀದರಿನ ಬಿದ್ರಿ ಕಲೆಯಲ್ಲಿಯೂ ಹಾಗೆಯೇ. ಸತುವು ಹೆಚ್ಚಾಗಿರುವ ಮಿಶ್ರಲೋಹದಲ್ಲಿ ಬೆಳ್ಳಿಯನ್ನು ಕೂಡಿಸಿ, ಕೋಟೆಯ ಮಣ್ಣು ನವಸಾಗರಗಳ ಮಿಶ್ರಣವನ್ನು ಹಚ್ಚಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕಣ್ಣಿಗೆ ಬೇಕಾದದ್ದು ಆಳವಲ್ಲ, ವೈದೃಶ್ಯ. ಮನೆಯ ಲೇಸರಿನ ಉಪಾಯಗಳೆಲ್ಲ ಈ ವೈದೃಶ್ಯವನ್ನು ತರುವ ಉಪಾಯಗಳೇ. ಅವುಗಳಲ್ಲಿ ನಾಲ್ಕನ್ನು ಹೇಳುತ್ತೇನೆ.

ಮೊದಲನೆಯದು ಎಲ್ಲಕ್ಕಿಂತ ಸುಲಭವಾದದ್ದು: ಈಗಾಗಲೇ ಲೇಪವಿರುವ ಲೋಹದ ಮೇಲೆ ಬರೆಯುವುದು. ಬಣ್ಣ ಹಚ್ಚಿದ ತಗಡಿನ ಮೇಲೆ ಕಿರಣ ಹಾಯ್ದರೆ ಬಣ್ಣ ಹಾರಿಹೋಗಿ ಕೆಳಗಿನ ಲೋಹ ಹೊಳೆಯುತ್ತದೆ. ಬಣ್ಣದ ಅಲ್ಯೂಮಿನಿಯಂ ಬಿಲ್ಲೆಗಳನ್ನು ನೀವು ನೋಡಿರಬಹುದು; ಬೀಗದ ಕೈಗೆ, ನಾಯಿಯ ಕೊರಳಿಗೆ ಕಟ್ಟುವಂಥವು. ಅವುಗಳ ಬಣ್ಣ ಮೇಲೆ ಬಳಿದದ್ದಲ್ಲ. ವಿದ್ಯುತ್ತಿನಿಂದ ಅಲ್ಯೂಮಿನಿಯಮ್ಮಿನ ಮೇಲೆ ಬೆಳೆಸಿದ ಸೂಕ್ಷ್ಮರಂಧ್ರಗಳ ಪದರದಲ್ಲಿ ಬಣ್ಣವನ್ನು ಇಂಗಿಸಿ ಮುಚ್ಚಿರುತ್ತಾರೆ. ಲೇಸರ್ ಆ ಬಣ್ಣವನ್ನು ಕೆಡಿಸಿ ಬಿಳಿಯ ಅಕ್ಷರ ಮೂಡಿಸುತ್ತದೆ. ಹೊಸದಾಗಿ ಕಲಿಯುವವರು ಇದರಿಂದಲೇ ಆರಂಭಿಸುವುದು ಒಳ್ಳೆಯದು.

ಎರಡನೆಯದು ಸ್ಟೇನ್‌ಲೆಸ್ ಸ್ಟೀಲಿಗೆ ನೇರವಾಗಿ ಬರೆ ಹಾಕುವುದು. ಸಾಕಷ್ಟು ಶಕ್ತಿಯ ಕಿರಣವನ್ನು ನಿಧಾನವಾಗಿ ನಡೆಸಿದರೆ ಮೇಲ್ಮೈ ಕಾದು ಅಲ್ಲಿ ಆಕ್ಸೈಡಿನ ಪದರ ದಪ್ಪಗಾಗುತ್ತದೆ. ಪದರದ ದಪ್ಪಕ್ಕೆ ತಕ್ಕಂತೆ ಹೊಂಬಣ್ಣ, ಕಂದು, ನೇರಿಳೆ, ನೀಲಿ ಕಾಣಿಸಿಕೊಳ್ಳುತ್ತವೆ. ಹೆಚ್ಚು ಕಾದರೆ ಕಪ್ಪು. ಇಲ್ಲಿ ಯಾವ ಬಣ್ಣವನ್ನೂ ಹಚ್ಚಿಲ್ಲ. ಮಳೆಯಲ್ಲಿ ನೆನೆದ ರಸ್ತೆಯ ಮೇಲೆ ಎಣ್ಣೆಯ ಹನಿ ಹರಡಿದಾಗ ಕಾಮನಬಿಲ್ಲು ಕಾಣುವುದಲ್ಲ, ಅದೇ ಕಾರಣದಿಂದ ಇದೂ ಕಾಣುತ್ತದೆ. ಕಮ್ಮಾರರು ಉಳಿಗೆ ಹದ ಕೊಡುವಾಗ ಇದೇ ಬಣ್ಣಗಳನ್ನು ನೋಡಿ ಕಾವನ್ನು ಅಳೆಯುತ್ತಿದ್ದರು. ಒಂದು ಎಚ್ಚರಿಕೆ: ಸ್ಟೇನ್‌ಲೆಸ್ ಸ್ಟೀಲು ತುಕ್ಕು ಹಿಡಿಯದಂತೆ ಕಾಪಾಡುವುದು ಅದರೊಳಗಿನ ಕ್ರೋಮಿಯಂ ಮೇಲ್ಮೈಯಲ್ಲಿ ಕಟ್ಟುವ ತೀರ ತೆಳುವಾದ ಪೊರೆ. ಬರೆ ಬಿದ್ದ ಕಡೆ ಆ ಪೊರೆ ಕೆಡುತ್ತದೆ. ಆದ್ದರಿಂದ ಅಕ್ಷರ ಬಿದ್ದ ಜಾಗದಲ್ಲಿಯೇ ಮುಂದೆ ತುಕ್ಕಿನ ಚುಕ್ಕಿ ಕಾಣಿಸಬಹುದು. ಪಾತ್ರೆಗೆ ಹೆಸರು ಹಾಕುವವರು ಹೊರಮೈಗೆ ಹಾಕಬೇಕು. ಅನ್ನ ನೀರು ತಾಗುವ ಒಳಮೈಗೆ ಅಲ್ಲ.

ಮೂರನೆಯದು ಲೇಪದ ಉಪಾಯ. ಯಂತ್ರಗಳ ಕೀಲಿಗೆ ಒಣ ಜಾರುಪುಡಿಯಾಗಿ ಬಳಸುವ ಮಾಲಿಬ್ಡಿನಂ ಡೈಸಲ್ಫೈಡ್ ಎಂಬ ಕಪ್ಪು ವಸ್ತುವಿನ ತುಂತುರನ್ನು ಲೋಹದ ಮೇಲೆ ತೆಳ್ಳಗೆ ಹಾರಿಸಿ ಒಣಗಿಸುತ್ತಾರೆ. ಈ ಕಪ್ಪು ಲೇಪ ಬೆಳಕನ್ನು ಹೀರುತ್ತದೆ. ಕಿರಣ ಹಾಯ್ದ ಕಡೆ ಮಾತ್ರ ಶಾಖಕ್ಕೆ ಲೋಹದೊಡನೆ ಬೆಸೆದುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ತೊಳೆದರೆ ಬೇಡದ ಲೇಪವೆಲ್ಲ ಹೋಗಿ, ಕಪ್ಪಾದ ಗಟ್ಟಿ ಅಕ್ಷರ ಉಳಿಯುತ್ತದೆ. ನನ್ನ ತಮ್ಮನ ಸ್ಪ್ಯಾನರುಗಳ ಮೇಲಿನ ಅಂಕಿಗಳೆಲ್ಲ ಹೀಗೆ ಬಂದವು. ಕೈಯ ಜಿಡ್ಡು, ಸೀಮೆಎಣ್ಣೆಯ ಒರೆತ ಯಾವುದಕ್ಕೂ ಅವು ಜಗ್ಗಿಲ್ಲ.

ನಾಲ್ಕನೆಯದು ನಿಜವಾಗಿ ಆಳ ಬೇಕೆನ್ನುವವರಿಗೆ. ಇದರಲ್ಲಿ ಬೆಳಕು ಬರೆಯುವುದಿಲ್ಲ. ಬರೆಯಬೇಕಾದ ಜಾಗವನ್ನು ತೆರೆದುಕೊಡುತ್ತದೆ. ಲೋಹಕ್ಕೆ ಬಣ್ಣ ಬಳಿದು, ಅಕ್ಷರದ ಆಕಾರದಲ್ಲಿ ಬಣ್ಣವನ್ನು ಲೇಸರಿನಿಂದ ಸುಟ್ಟು ತೆಗೆಯುತ್ತಾರೆ. ಆಮೇಲೆ ತಾಮ್ರ ಹಿತ್ತಾಳೆಗಳಾದರೆ ಫೆರಿಕ್ ಕ್ಲೋರೈಡ್ ದ್ರಾವಣ. ಉಕ್ಕಾದರೆ ಉಪ್ಪುನೀರಿನಲ್ಲಿ ನೆನೆಸಿದ ಹತ್ತಿ ಮತ್ತು ಸಣ್ಣ ಬ್ಯಾಟರಿ. ಬ್ಯಾಟರಿಯ ಧನತುದಿ ವಸ್ತುವಿಗೆ, ಋಣತುದಿ ಹತ್ತಿಗೆ. ತೆರೆದ ಜಾಗದ ಲೋಹ ಮಾತ್ರ ಕರಗಿ ತಗ್ಗಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿಗೆ ಈ ಉಪ್ಪುನೀರಿನ ಕ್ರಮವನ್ನು ಮನೆಯಲ್ಲಿ ಹಿಡಿಯದಿರುವುದು ಲೇಸು. ಅದರಲ್ಲಿನ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗೆ ಇಳಿಯಬಹುದು.

ಹಾಗಾದರೆ ಕಾರ್ಖಾನೆಗಳು ಬೇರಿಂಗಿನ ಮೇಲೆ, ಎಂಜಿನ್ನಿನ ಭಾಗಗಳ ಮೇಲೆ ಹೇಗೆ ನೇರವಾಗಿ ಬರೆಯುತ್ತವೆ? ಅವು ಬಳಸುವುದು ಬೇರೆ ಲೇಸರ್. ಇಟರ್ಬಿಯಂ ಎಂಬ ಧಾತುವನ್ನು ಬೆರೆಸಿದ ಗಾಜಿನ ಎಳೆಯಲ್ಲಿ ಹುಟ್ಟುವ, ಕಣ್ಣಿಗೆ ಕಾಣದ 1064 ನ್ಯಾನೊಮೀಟರಿನ ಕಿರಣ ಅದು. ಅದರ ಗುಟ್ಟು ಇರುವುದು ಬಿಡಿಸಿ ಬಿಡಿಸಿ ಹೊಡೆಯುವುದರಲ್ಲಿ. ಸರಾಸರಿ 20 ವ್ಯಾಟಿನದೇ ಆದರೂ ಅದನ್ನು ಸೆಕೆಂಡಿಗೆ 20,000 ಪೆಟ್ಟುಗಳಾಗಿ ಒಡೆದು, ಒಂದೊಂದು ಪೆಟ್ಟನ್ನೂ ಸೆಕೆಂಡಿನ ಒಂದು ಕೋಟಿಯಲ್ಲಿ ಒಂದಂಶದಷ್ಟು ಕಾಲದಲ್ಲಿ ಮುಗಿಸಿದರೆ, ಆ ಪೆಟ್ಟಿನ ಕ್ಷಣದಲ್ಲಿ ಅದರ ಬಲ 10,000 ವ್ಯಾಟ್ ಆಗುತ್ತದೆ. ಶಾಖ ಹರಿದುಹೋಗುವ ಮೊದಲೇ ಲೋಹ ಆವಿಯಾಗಿಬಿಡುತ್ತದೆ. ಸುತ್ತಿಗೆಯನ್ನು ಉಳಿಯ ಮೇಲೆ ಒತ್ತಿ ಹಿಡಿದರೆ ಕಲ್ಲು ಒಡೆಯುವುದಿಲ್ಲ, ಹೊಡೆದರೆ ಒಡೆಯುತ್ತದೆ. ರೂವಾರಿ ಬಲ್ಲ ಈ ಸತ್ಯವನ್ನೇ ಈ ಯಂತ್ರವೂ ಬಲ್ಲದು. ಇಂಥ ಕಿರಣದ ಚಿಕ್ಕ ಯಂತ್ರಗಳೂ ಈಚೆಗೆ ಹವ್ಯಾಸಿಗಳ ಕೈಗೆ ಬರುತ್ತಿವೆ.

ಕನ್ನಡಿಗರಾದ ನಮಗೆ ಇಲ್ಲೊಂದು ವಿಶೇಷ ಸಮಸ್ಯೆಯುಂಟು. ಇಂಗ್ಲಿಷಿನ ದೊಡ್ಡಕ್ಷರಗಳನ್ನು ಎರಡು ಮಿಲಿಮೀಟರ್ ಎತ್ತರದಲ್ಲಿಯೂ ಸ್ಪಷ್ಟವಾಗಿ ಬರೆಯಬಹುದು. ನಮ್ಮ ಲಿಪಿ ಸುರುಳಿಗಳ ಲಿಪಿ. ತಲೆಕಟ್ಟು, ಕೊಂಬು, ಒತ್ತಕ್ಷರ ಎಲ್ಲ ಸೇರಿ ಒಂದೇ ಅಕ್ಷರ ಮೂರು ಅಂತಸ್ತಿನ ಮನೆಯಂತಿರುತ್ತದೆ. ಕಿರಣದ ಬಿಂದು ಮಿಲಿಮೀಟರಿನ ಹತ್ತನೆಯ ಒಂದಂಶ. ಅದಕ್ಕಿಂತ ಕಿರಿದಾದ ಸಂದುಗಳೆಲ್ಲ ಮುಚ್ಚಿಹೋಗುತ್ತವೆ. ಪ ಮತ್ತು ಷ, ವ ಮತ್ತು ಮ ಒಂದರಂತೆ ಇನ್ನೊಂದು ಕಾಣತೊಡಗುತ್ತವೆ. ಮೂಲಾಕ್ಷರವೇ ನಾಲ್ಕೈದು ಮಿಲಿಮೀಟರ್ ಎತ್ತರವಿದ್ದರೆ ಒತ್ತುಗಳು ಉಸಿರಾಡುತ್ತವೆ. ಅಲ್ಲದೆ ಯಂತ್ರ ನಡೆಸುವ ಕೆಲವು ತಂತ್ರಾಂಶಗಳಿಗೆ ನಮ್ಮ ಲಿಪಿಯ ಸಂಧಿ ತಿಳಿಯದು. ‘ಪುಟ್ಟಸ್ವಾಮಿ’ ಎಂದು ಹೊಡೆದರೆ ಒತ್ತುಗಳು ಕಳಚಿ ಸಾಲಾಗಿ ನಿಲ್ಲುತ್ತವೆ. ಇದಕ್ಕೆ ಪರಿಹಾರವೆಂದರೆ, ಇಂಕ್‌ಸ್ಕೇಪ್‌ನಂಥ ಚಿತ್ರ ಬರೆಯುವ ತಂತ್ರಾಂಶದಲ್ಲಿ ಅಕ್ಷರಗಳನ್ನು ಮೊದಲು ಕೂಡಿಸಿ, ಅವನ್ನು ಬರಿಯ ರೇಖೆಗಳಾಗಿ ಮಾರ್ಪಡಿಸಿ, ಆ ಚಿತ್ರವನ್ನು ಯಂತ್ರಕ್ಕೆ ಕೊಡುವುದು. ಆಗ ಅದು ಅಕ್ಷರವೆಂದು ತಿಳಿಯದೆಯೇ ಯಂತ್ರ ಶುದ್ಧವಾಗಿ ಬರೆಯುತ್ತದೆ. ಹಿಂದೆಯೂ ಪಂಡಿತನು ಮಸಿಯಲ್ಲಿ ಬರೆದುಕೊಟ್ಟ ಗೆರೆಯ ಮೇಲೆ ಅಕ್ಕಸಾಲಿಗನು ಉಳಿ ನಡೆಸುತ್ತಿದ್ದುದುಂಟು. ಓದು ಬಾರದ ಕೈಯೂ ಒಳ್ಳೆಯ ಶಾಸನವನ್ನು ಕಂಡರಿಸಬಲ್ಲದು. ಬರೆದುಕೊಟ್ಟವನು ಸರಿಯಾಗಿ ಬರೆದುಕೊಟ್ಟಿರಬೇಕು, ಅಷ್ಟೆ.

ಕೆಲಸದ ಕ್ರಮ ಹೀಗೆ. ವಸ್ತುವನ್ನು ಸ್ಪಿರಿಟ್ಟಿನಿಂದ ಒರೆಸಿ ಜಿಡ್ಡು ತೆಗೆಯಬೇಕು. ಬೆರಳಿನ ಗುರುತಿದ್ದರೂ ಅಕ್ಷರ ಅಲ್ಲಿ ಮಾಸುತ್ತದೆ. ಅಲುಗದಂತೆ ಕೂರಿಸಬೇಕು. ಕಿರಣದ ಮೊನೆ ಸರಿಯಾಗಿ ಮೇಲ್ಮೈಯಲ್ಲಿ ಕೂಡುವಂತೆ ಎತ್ತರವನ್ನು ಹೊಂದಿಸಬೇಕು. ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಬಿಂದು ಹರಡಿ ಬಲ ಕುಂದುತ್ತದೆ. ಆಮೇಲೆ ಅದೇ ಲೋಹದ ಬೇಡದ ತುಂಡಿನ ಮೇಲೆ ಪರೀಕ್ಷೆ: ಅಡ್ಡಸಾಲಿನಲ್ಲಿ ವೇಗವನ್ನೂ ಕಂಬಸಾಲಿನಲ್ಲಿ ಶಕ್ತಿಯನ್ನೂ ಬದಲಿಸುತ್ತ ಚೌಕಗಳ ಒಂದು ಕೋಷ್ಟಕವನ್ನು ಸುಟ್ಟು, ಯಾವ ಚೌಕ ಒಪ್ಪವಾಗಿದೆ ಎಂದು ನೋಡಿಕೊಳ್ಳಬೇಕು. ಇನ್ನೊಬ್ಬರ ಯಂತ್ರದ ಅಂಕಿಗಳು ನಮ್ಮ ಯಂತ್ರಕ್ಕೆ ಹೊಂದುತ್ತವೆಂಬ ಭರವಸೆಯಿಲ್ಲ. ಕೈಯಡುಗೆಯ ಉಪ್ಪಿನ ಹಾಗೆ ಇದನ್ನು ಅವರವರೇ ನೋಡಿಕೊಳ್ಳಬೇಕು.

ಈವರೆಗೆ ಹೇಳಿದ್ದೆಲ್ಲ ಮರೆತರೂ ಚಿಂತೆಯಿಲ್ಲ, ಇನ್ನು ಹೇಳುವುದನ್ನು ಮರೆಯಬಾರದು. ಭಾಷಣಗಳಲ್ಲಿ ಗುರಿ ತೋರಿಸಲು ಬಳಸುವ ಕೆಂಪು ದೀಪದಕಡ್ಡಿಯೂ ಲೇಸರೇ. ಅದು ಒಂದು ವ್ಯಾಟಿನ ಸಾವಿರದಲ್ಲಿ ಒಂದು ಪಾಲಿನಷ್ಟಿದ್ದರೆ ಕಣ್ಣಿಗೆ ಬಿದ್ದಾಗ ರೆಪ್ಪೆ ತಾನೇ ಮುಚ್ಚಿ ಕಾಪಾಡುತ್ತದೆ. ರೆಪ್ಪೆ ಮುಚ್ಚಲು ಸುಮಾರು ಕಾಲು ಸೆಕೆಂಡು ಬೇಕು. ಹತ್ತು ವ್ಯಾಟಿನ ಯಂತ್ರ ಅದಕ್ಕಿಂತ ಹತ್ತು ಸಾವಿರ ಪಟ್ಟು ಬಲವಾದದ್ದು. ಅದರ ಮುಂದೆ ಕಾಲು ಸೆಕೆಂಡೆಂದರೆ ಒಂದು ಯುಗ. ಅರ್ಧ ವ್ಯಾಟಿಗೆ ಮೇಲ್ಪಟ್ಟ ಲೇಸರುಗಳನ್ನೆಲ್ಲ ನಾಲ್ಕನೆಯ ವರ್ಗವೆಂದು ಕರೆಯುತ್ತಾರೆ. ಅದಕ್ಕಿಂತ ಅಪಾಯಕರವಾದ ವರ್ಗ ಬೇರಿಲ್ಲ. ಇದರ ಮೇಲೆ ನಾವು ಬರೆಯುತ್ತಿರುವುದು ಲೋಹದ ಮೇಲೆ, ಎಂದರೆ ಕನ್ನಡಿಯ ಮೇಲೆ. ಚಮಚದ ಬೆನ್ನು, ಲೋಟದ ಮೈ, ಸ್ಪ್ಯಾನರಿನ ಅಂಚು ಯಾವ ದಿಕ್ಕಿಗೆ ಕಿರಣವನ್ನು ತಿರುಗಿಸೀತೆಂದು ಹೇಳಲಾಗದು. ಕಣ್ಣಿನ ಮಸೂರವೋ, ತನ್ನ ಧರ್ಮದಂತೆ, ಬಂದ ಕಿರಣವನ್ನು ಮತ್ತೂ ಕೂಡಿಸಿ ಅಕ್ಷಿಪಟಲದ ಮೇಲೆ ಒಂದು ಬಿಂದುವಾಗಿ ಇಡುತ್ತದೆ. ಅಲ್ಲಿ ಬಿದ್ದ ಬರೆ ಮಾಯುವುದಿಲ್ಲ.

ಆದ್ದರಿಂದ ಕನ್ನಡಕ ಬೇಕು, ತಂಪು ಕನ್ನಡಕವಲ್ಲ. ಯಾವ ತರಂಗಾಂತರವನ್ನು ಎಷ್ಟರಮಟ್ಟಿಗೆ ತಡೆಯುತ್ತದೆಂದು ಅದರ ಮೇಲೆಯೇ ಅಚ್ಚಾಗಿರಬೇಕು. ನೀಲಿಯ ಯಂತ್ರಕ್ಕೆ 450 ನ್ಯಾನೊಮೀಟರಿನ ಆಸುಪಾಸನ್ನು ತಡೆಯುವಂಥದು. ಕಾಣದ ಕಿರಣದ ಯಂತ್ರಕ್ಕೆ 1064ನ್ನು ತಡೆಯುವಂಥದು. ಒಂದರ ಕನ್ನಡಕ ಇನ್ನೊಂದಕ್ಕೆ ಆಗದು. ಕಾಣದ ಕಿರಣದ ಅಪಾಯ ಹೆಚ್ಚಿನದು, ಏಕೆಂದರೆ ರೆಪ್ಪೆಗೆ ಮುಚ್ಚಬೇಕೆಂಬ ಸೂಚನೆಯೇ ಸಿಗುವುದಿಲ್ಲ. ಕನ್ನಡಕಕ್ಕಿಂತ ಮೇಲಾದದ್ದು ಪೆಟ್ಟಿಗೆ: ಯಂತ್ರ ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗಿದ್ದು, ಬಾಗಿಲು ತೆಗೆದರೆ ಕಿರಣ ತಾನೇ ಆರಬೇಕು. ಹೊಗೆಯನ್ನು ಹೊರಗೆ ಒಯ್ಯುವ ಪಂಖಾ ಇರಬೇಕು. ಪಿ.ವಿ.ಸಿ. ಪ್ಲಾಸ್ಟಿಕ್ಕನ್ನು ಎಂದಿಗೂ ಸುಡಬಾರದು, ಅದರ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಆವಿಯಿರುತ್ತದೆ. ಸತುವಿನ ಲೇಪದ ತಗಡಿನ ಹೊಗೆಯೂ ಜ್ವರ ತರಿಸಬಲ್ಲದು. ಯಂತ್ರ ನಡೆಯುತ್ತಿರುವಾಗ ಅದನ್ನು ಬಿಟ್ಟು ಕಾಫಿಗೆ ಏಳಕೂಡದು.

ನನ್ನ ತಮ್ಮ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಯೇ ಯಂತ್ರವನ್ನು ಹೂಡುತ್ತಾನೆ. ಮೊಮ್ಮಕ್ಕಳು ಅತ್ತರೂ ತೆಗೆಯುವುದಿಲ್ಲ. ಇಷ್ಟು ಕಟ್ಟುನಿಟ್ಟೇಕೆಂದು ಕೇಳಿದೆ. “ಅಣ್ಣಾ, ಕಾರ್ಖಾನೆಯಲ್ಲಿ ಬೆರಳು ಕಳೆದುಕೊಂಡವರನ್ನು ಕಂಡಿದ್ದೇನೆ. ಅವರಿಗೆ ಆ ಕ್ಷಣವೇ ಗೊತ್ತಾಯಿತು. ಇದು ಕಣ್ಣನ್ನು ತೆಗೆದುಕೊಂಡರೆ ನೋವೂ ಆಗುವುದಿಲ್ಲವಂತೆ. ನೋವಿಲ್ಲದ ಪೆಟ್ಟಿಗೆ ಹೆದರಬೇಕು” ಎಂದ. ಅಕ್ಷಿಪಟಲದಲ್ಲಿ ನೋವಿನ ನರಗಳಿಲ್ಲ ಎಂದು ವೈದ್ಯಶಾಸ್ತ್ರ ಹೇಳುವುದನ್ನು ಅವನು ತನ್ನ ಮಾತಿನಲ್ಲಿ ಹೇಳಿದ್ದ. ಮಕ್ಕಳಿರುವ ಮನೆಗೆ ಈ ಯಂತ್ರವನ್ನು ತರಬೇಕೆನ್ನುವವರು ಮೊದಲು ಚಿಲಕವಿರುವ ಕೋಣೆಯೊಂದಿದೆಯೇ ಎಂದು ನೋಡಿಕೊಳ್ಳಲಿ.

ಕೊನೆಯದಾಗಿ, ಶಾಸನಗಳನ್ನು ಓದಿದವನ ಒಂದು ಮಾತು. ಲೋಹದ ಮೇಲಿನ ಅಕ್ಷರವನ್ನು ಜನ ನಂಬುತ್ತಾರೆ. ಚಿನ್ನದ ಬಳೆಯ ಒಳಗಿನ ಮುದ್ರೆಯನ್ನು, ತೂಕದ ಬಟ್ಟಿನ ಮೇಲಿನ ಅಂಕಿಯನ್ನು, ಬೇರಿಂಗಿನ ಮೇಲಿನ ಹೆಸರನ್ನು ನಾವು ಪ್ರಶ್ನಿಸುವುದಿಲ್ಲ. ಈ ನಂಬಿಕೆಯ ಹುಟ್ಟು ಕಷ್ಟದಲ್ಲಿದೆ: ಲೋಹದ ಮೇಲೆ ಬರೆಯುವುದು ಕಷ್ಟವಾಗಿತ್ತು, ಆದ್ದರಿಂದ ಸುಳ್ಳು ಬರೆಯುವುದೂ ಕಷ್ಟವಾಗಿತ್ತು. ಆದರೂ ಬರೆದವರುಂಟು. ನಮ್ಮ ನಾಡಿನ ತಾಮ್ರಪಟಗಳಲ್ಲಿ ಕೂಟಶಾಸನಗಳೆಂಬ ಒಂದು ವರ್ಗವೇ ಇದೆ. ಹಿಂದಿನ ದೊರೆಯೊಬ್ಬನ ಹೆಸರಿನಲ್ಲಿ, ಮುಂದಿನವರಾರೋ ಭೂಮಿಯ ಆಸೆಗೆ ಸೃಷ್ಟಿಸಿದ ಸುಳ್ಳು ದಾನಪತ್ರಗಳು ಅವು. ಗಂಗರ ತಾಮ್ರಪಟಗಳಲ್ಲಿ ಬಹಳಷ್ಟನ್ನು ಜೆ.ಎಫ್. ಫ್ಲೀಟ್ ಅವರು ಕೂಟವೆಂದರು, ಬಿ.ಎಲ್. ರೈಸ್ ಅವರು ಅದನ್ನು ಒಪ್ಪಲಿಲ್ಲ. ಆ ವಾದ ದೀರ್ಘವಾಗಿ ನಡೆಯಿತು. ಲಿಪಿ ಆ ಕಾಲಕ್ಕೆ ಸರಿಹೊಂದುತ್ತದೆಯೇ, ತಿಥಿ ವಾರಗಳು ಕೂಡುತ್ತವೆಯೇ, ವಂಶಾವಳಿ ಬೇರೆ ಶಾಸನಗಳಿಗೆ ತಾಳೆಯಾಗುತ್ತದೆಯೇ ಎಂದು ವಿದ್ವಾಂಸರು ಒರೆಗೆ ಹಚ್ಚಬೇಕಾಯಿತು. ಸುಳ್ಳು ಹೇಳಿದವನ ಕೈಬರೆಹವೇ ಅವನನ್ನು ಹಿಡಿದುಕೊಟ್ಟ ಸಂದರ್ಭಗಳಿವೆ.

ಬೆಳಕಿನ ಲೇಖನಿಗೆ ಕೈಬರೆಹವಿಲ್ಲ. ಅದು ಯಾವ ಕಂಪನಿಯ ಮುದ್ರೆಯನ್ನಾದರೂ ಯಾವ ತುಂಡಿನ ಮೇಲಾದರೂ ಕೂದಲೆಳೆಯ ವ್ಯತ್ಯಾಸವಿಲ್ಲದೆ ಮೂಡಿಸಬಲ್ಲದು. ಕಳಪೆ ಬೇರಿಂಗಿನ ಮೇಲೆ ಒಳ್ಳೆಯ ಹೆಸರು ಬಿದ್ದು ಅದು ಒಂದು ಬಸ್ಸಿನ ಚಕ್ರಕ್ಕೆ ಸೇರಿದರೆ, ಆ ಕೂಟಶಾಸನದಿಂದ ಹೋಗುವುದು ಭೂಮಿಯಲ್ಲ, ಪ್ರಾಣ. ಹಾಗಾದರೆ ಗುರುತನ್ನು ನಂಬುವುದು ಹೇಗೆ? ಇದಕ್ಕೆ ಚಿನ್ನದ ಹಾಲ್‌ಮಾರ್ಕಿನಲ್ಲಿ ಒಂದು ಉತ್ತರವಿದೆ. 2021ರಿಂದ ನಮ್ಮ ದೇಶದಲ್ಲಿ ಹಾಲ್‌ಮಾರ್ಕ್ ಆದ ಒಡವೆಯ ಮೇಲೆ, ಪರಿಶುದ್ಧತೆಯ ಅಂಕಿಯ ಜೊತೆಗೆ, ಅಂಕಿ ಅಕ್ಷರಗಳು ಸೇರಿ ಆರು ಸ್ಥಾನಗಳ ಒಂದು ಸಂಕೇತವನ್ನೂ ಲೇಸರಿನಿಂದ ಮೂಡಿಸುತ್ತಾರೆ; ಒಂದು ಒಡವೆಯ ಸಂಕೇತ ಇನ್ನೊಂದಕ್ಕಿಲ್ಲ. ಕೊಳ್ಳುವವರು ಅದನ್ನು ಭಾರತೀಯ ಮಾನಕ ಸಂಸ್ಥೆಯ ದಾಖಲೆಯೊಡನೆ ತಾಳೆ ನೋಡಬಹುದು. ಗುರುತಿನ ಬೆಲೆಯಿರುವುದು ಗುರುತಿನಲ್ಲಲ್ಲ, ಅದರ ಹಿಂದಿರುವ ಲೆಕ್ಕದ ಪುಸ್ತಕದಲ್ಲಿ.

ಮನೆಯಲ್ಲಿ ಲೋಹಕ್ಕೆ ಗುರುತು ಹಾಕುವವರಿಗೂ ನಾನು ಹೇಳುವುದು ಇದನ್ನೇ. ನಿಮ್ಮದನ್ನು ನಿಮ್ಮದೆಂದು ಬರೆಯಿರಿ. ಮತ್ತೊಬ್ಬರ ಹೆಸರನ್ನು ಬರೆಯಬೇಡಿ, ಮತ್ತೊಬ್ಬರ ಅಂಕಿಯನ್ನು ಅಳಿಸಬೇಡಿ. ಬರೆದದ್ದಕ್ಕೆ ಒಂದು ಪುಸ್ತಕವಿಡಿ: ಈ ಅಂಕಿಯ ಭಾಗ ಯಾವ ಯಂತ್ರದ್ದು, ಯಾವ ಅಳತೆಯದು, ಎಂದು ಹಾಕಿದ್ದು. ನನ್ನ ತಮ್ಮನ ಬಳಿ ಅಂಥದೊಂದು ಇನ್ನೂರು ಪುಟದ ನೋಟುಪುಸ್ತಕವಿದೆ. ಅದರ ಅಕ್ಷರ ಅಷ್ಟೇನೂ ದುಂಡಗಿಲ್ಲ, ಆದರೆ ಒಂದು ಸಾಲೂ ಸುಳ್ಳಿಲ್ಲ. ಹಿಂದಿನ ತಾಮ್ರಶಾಸನಗಳ ಫಲಕಗಳಲ್ಲಿ ಎಷ್ಟೋ ಬಾರಿ ಅಂಚನ್ನು ತುಸು ಎತ್ತರಿಸಿರುತ್ತಿದ್ದರು, ಒಂದರ ಮೇಲೊಂದು ಉಜ್ಜಿ ಅಕ್ಷರ ಸವೆಯಬಾರದೆಂದು. ನೂರಾರು ವರ್ಷಗಳ ಮೇಲೆ ಓದುವವರು ಬಂದಾರೆಂಬ ಮರ್ಯಾದೆ ಆ ಅಂಚಿನಲ್ಲಿತ್ತು. ಉಳಿಯ ಶ್ರಮವನ್ನು ಬೆಳಕು ಇಲ್ಲವಾಗಿಸಿದೆ. ಆ ಮರ್ಯಾದೆಯನ್ನು ಮಾತ್ರ ಬರೆಯುವವರೇ ಒದಗಿಸಬೇಕು.

(ಬಾನುಲಿ ಭಾಷಣ)